ಹಳೇ ಕಂಪನಿಯ ಲಾಗಿನ್

ಮಾರ್ಚ್ 19, ಬುಧವಾರ

ಇವತ್ತೂ ಬಸ್ಸು ತಡ. ಕಚೇರಿ ಮುಟ್ಟಿದಾಗ ಹತ್ತೂವರೆ. ಟಪಾಲು ಬಿಡಿಸಿದೆ, ಹಾಜರಿ ಪುಸ್ತಕ ಒಳಗೆ ಕಳಿಸಿದೆ. ಹೊಳಲು ಗ್ರಾಮದಿಂದ ಒಂದು ದೂರು, ಮೂರು ದಿನದಿಂದ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯಂತೆ. ನಮೂದಿಸಿದೆ.

ಹೊರಡುವ ಹೊತ್ತಿಗೆ ಗುರುಬಸವರಾಜ ಸಾಹೇಬರು, ನಮ್ಮ ನೀರಿನ ಘಟಕದ ಎಂಜಿನಿಯರು, ಒಂದು ಆದೇಶ ಕೈಗಿಟ್ಟರು. ‘ಶ್ರೀಮತಿ ಸೌಭಾಗ್ಯ, ಪ್ರಥಮ ದರ್ಜೆ ಸಹಾಯಕಿ, ಇವರನ್ನು ಸೈಬರ್ ಭದ್ರತಾ ನೋಡಲ್ ಅಧಿಕಾರಿಯನ್ನಾಗಿ ನೇಮಿಸಲಾಗಿದೆ.’

“ಸಾರ್, ಇದು ನನಗ್ಯಾಕ್ರಿ?”

“ಯಾರದರ ಒಂದು ಹೆಸರು ಬರೀಬೇಕಿತ್ತಮ್ಮ. ನಿಮಗ ಕಂಪ್ಯೂಟರ್ ಬರ್ತೈತಲ್ಲ.”

ಬರುವುದು ಟೈಪಿಂಗ್. ಹೇಳಲಿಲ್ಲ.

ಮಾರ್ಚ್ 20, ಗುರುವಾರ

ಬೀರಲಿಂಗೇಶನನ್ನು ಕೇಳಿದೆ. ಅವನಲ್ಲದೆ ಇನ್ಯಾರನ್ನು ಕೇಳುವುದು. ಯಂತ್ರಗಳ ಗುತ್ತಿಗೆ ಕಂಪನಿಯ ಆಳು, ಆರು ವರ್ಷದಿಂದ ನಮ್ಮಲ್ಲೇ ಕೂರುತ್ತಾನೆ. ಐದು ತಾಲ್ಲೂಕಿನ ನೀರು – ಹಡಗಲಿ ಕಡೆ ಹೊಳೆಯಿಂದ ಎತ್ತುವುದು, ಶುದ್ಧ ಮಾಡುವುದು, ಕೊಟ್ಟೂರು ಕೂಡ್ಲಿಗಿಯ ತನಕ ಕಳಿಸುವುದು. ಪಂಪು, ವಾಲ್ವು, ಕ್ಲೋರಿನ್, ಎಲ್ಲವೂ ಅವನ ಮುಂದಿನ ಒಂದು ಪರದೆಯ ಮೇಲೆ.

“ಸೈಬರ್ ಭದ್ರತಾ ಅಂದ್ರ ಏನೋ ಬೀರಲಿಂಗೇಶ?”

“ಬ್ಯಾರೇರು ಯಾರೂ ಈ ಪರದೆ ಒಳಗೆ ಕೈ ಹಾಕಬಾರ್ದು. ಅಷ್ಟೇ ಅಕ್ಕಾರೇ.”

“ಬ್ಯಾರೇರು ಅಂದ್ರ ಯಾರು?”

ನಕ್ಕ. “ಅದೇ ತೊಡಕು ನೋಡ್ರಿ. ಲೆಕ್ಕಕ್ಕೆ ನಾನೂ ಬ್ಯಾರೇನೇ. ಕಂಪನಿಯೋನು.”

ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್, ಎಲ್ಲರಿಗೂ. ಮಾನಿಟರಿನ ಪಕ್ಕ ಚೀಟಿ ಅಂಟಿಸಿದೆ. ನಾನೂ ಎಷ್ಟೋ ಸಲ ಅದನ್ನೇ ನೋಡಿ ವರದಿ ತೆಗೆದಿದ್ದೇನೆ. ಇದು ತಪ್ಪು ಅಂತ ಇವತ್ತು ಗೊತ್ತಾಯಿತು. ತಪ್ಪು ಅಂತ ಗೊತ್ತಾದ ಮೇಲೆ ಏನು ಮಾಡಬೇಕು ಅನ್ನುವುದು ಗೊತ್ತಾಗಲಿಲ್ಲ.

ಮಾರ್ಚ್ 24, ಸೋಮವಾರ

ಹಳೇ ಕಂಪನಿಯ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ. ಏಪ್ರಿಲಿನಿಂದ ಹೊಸ ಕಂಪನಿ. ಒಪ್ಪಂದ ಓದಿದೆ. ಎರಡು ಸಲ ಓದಿದೆ.

ಒಪ್ಪಂದದ ಮೂವತ್ತೆಂಟನೇ ಪುಟ: ಭದ್ರತೆಯ ಹೊಣೆ ಇಲಾಖೆಯದು. ಮೇಲಿನಿಂದ ಬಂದ ಸುತ್ತೋಲೆ: ಭದ್ರತೆಯ ಹೊಣೆ ಗುತ್ತಿಗೆದಾರರದು. ಇವೆರಡನ್ನೂ ತಪಾಸಣೆ ಮಾಡಲು ಇನ್ನೊಂದು ಖಾಸಗಿ ಸಂಸ್ಥೆ ಇದೆ. ಅವರ ಕಾಗದದಲ್ಲಿ – ನಮ್ಮದು ವರದಿ ಕೊಡುವುದಷ್ಟೇ, ಹೊಣೆ ನಮ್ಮದಲ್ಲ.

ಹಾಗಾದರೆ ಯಾರದು? ಸಾಹೇಬರಿಗೆ ಮೂರೂ ಓದಿ ಹೇಳಿದೆ. “ಫೈಲಿನ್ಯಾಗ ಇಡ್ರಿ” ಅಂದರು.

ಮಾರ್ಚ್ 29, ಶನಿವಾರ

ನಾಳೆ ಯುಗಾದಿ. ಬೇವು ಸಿಕ್ಕಿತು, ಮಾವಿನೆಲೆ ಸಿಗಲಿಲ್ಲ.

ಬೀರಲಿಂಗೇಶನ ಕೊನೆಯ ದಿನ. ಹೊಸ ಕಂಪನಿ ಅವನನ್ನು ಮುಂದುವರಿಸುವುದಿಲ್ಲವಂತೆ. ಅವರ ಕಡೆಯಿಂದ ಶಿವಯೋಗಿ ಅಂತ ಒಬ್ಬರು ಬಂದಿದ್ದರು. ನಲವತ್ತರ ಮೇಲಿನವರು, ಇಸ್ತ್ರಿ ಶರ್ಟು, ಎರಡು ಫೋನು. ಎಲ್ಲ ಹೊಸಪೇಟೆಯಲ್ಲೇ ಕೂತು ನೋಡಿಕೊಳ್ಳುತ್ತಾರಂತೆ, ಇಲ್ಲಿ ಆಳು ಬೇಕಾಗಿಲ್ಲವಂತೆ.

ನಾಲ್ಕೂವರೆಗೆ ಒಂದು ಪ್ರಮಾಣಪತ್ರ ತಂದರು. ‘ಹಳೆಯ ಗುತ್ತಿಗೆದಾರರ ಎಲ್ಲ ಲಾಗಿನ್‌ಗಳನ್ನು ರದ್ದುಪಡಿಸಲಾಗಿದೆ ಎಂದು ಪರಿಶೀಲಿಸಿ ದೃಢೀಕರಿಸಿದೆ.’ ಕೆಳಗೆ ನನ್ನ ಹೆಸರು.

“ಎಲ್ಲಾ ತಗದೀರೇನ್ರಿ?”

“ಆತು ಮೇಡಂ, ಎಲ್ಲಾ ಆತು. ಇವತ್ತ ಅಪ್‌ಲೋಡ್ ಆಗ್ಲಿಲ್ಲಂದ್ರ ಮೇಲಿಂದ ಫೋನ್ ಬರ್ತಾವ.”

ಐದಕ್ಕೆ ಬಸ್ಸು. ಸಹಿ ಮಾಡಿದೆ.

ಬೀರಲಿಂಗೇಶ ಡಬ್ಬಿ, ಸ್ವೆಟರು, ಒಂದು ಟಾರ್ಚು ಚೀಲಕ್ಕೆ ಹಾಕಿಕೊಂಡು ಹೊರಟ. “ಏನರ ತಿಳೀಲಿಲ್ಲ ಅಂದ್ರೆ ಫೋನ್ ಮಾಡ್ರಿ ಅಕ್ಕಾರೇ” ಅಂದ. ಅವನಿಗೆ ಒಂದು ಲೋಟ ಚಹಾ ಕೂಡ ಕುಡಿಸಲಿಲ್ಲ ಅಂತ ಬಸ್ಸಿನಲ್ಲಿ ನೆನಪಾಯಿತು.

ಏಪ್ರಿಲ್ 11, ಶುಕ್ರವಾರ

ಶಿವಯೋಗಿ ವಾರಕ್ಕೊಮ್ಮೆ ಬರುತ್ತಾರೆ, ಅರ್ಧ ಗಂಟೆ. ಪರದೆ ತಾನಾಗಿ ಓಡುತ್ತಿದೆ. ಬೀರಲಿಂಗೇಶನ ಕುರ್ಚಿಯ ಮೇಲೆ ಈಗ ಹಳೇ ಫೈಲುಗಳು. ಅವನು ಊರಲ್ಲಿ ಅಣ್ಣನ ಜೊತೆ ಕುರಿ ನೋಡಿಕೊಳ್ಳುತ್ತಿದ್ದಾನಂತೆ. ನೋಡಲ್ ಅಧಿಕಾರಿಗೆ ಕೆಲಸವೇ ಇಲ್ಲ. ಒಳ್ಳೆಯದೇ ಆಯಿತು…

ಜೂನ್ 10, ಮಂಗಳವಾರ, ಬೆಳಿಗ್ಗೆ 11

ನೀರಿಲ್ಲ. ಎಲ್ಲೂ ಇಲ್ಲ. ಏಳರಿಂದ ಫೋನು ಬಡಿದುಕೊಳ್ಳುತ್ತಿದೆ – ಹಡಗಲಿ, ಹರಪನಹಳ್ಳಿ ಕಡೆ, ಕೊಟ್ಟೂರು. ಮುಖ್ಯ ಕೊಳವೆಯ ವಾಲ್ವ್ ಮುಚ್ಚಿದೆ, ಪಂಪು ನಿಂತಿದೆ. ತಾನಾಗಿ ಅಲ್ಲ. ಯಾರೋ ಮುಚ್ಚಿದ್ದಾರೆ.

ಬೆಳಿಗ್ಗೆ ಬೀರಲಿಂಗೇಶನ ಎರಡು ಮಿಸ್ಡ್ ಕಾಲ್ ಇದ್ದವು, 6.24, 6.26. ರೊಟ್ಟಿ ತಟ್ಟುತ್ತಿದ್ದೆ. ಕೆಲಸ ಕೇಳಲಿಕ್ಕೆ ಇರಬೇಕು, ಆಮೇಲೆ ಮಾತಾಡೋಣ ಅಂದುಕೊಂಡೆ.

ಸಂಜೆ 6

ಶಿವಯೋಗಿ ಹೊಸಪೇಟೆಯಿಂದ ಬಂದರು. ಯಂತ್ರ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ಆಮೇಲೆ ದಾಖಲೆ ತೆಗೆದರು. 6.29ಕ್ಕೆ ಹೊರಗಿನಿಂದ ಲಾಗಿನ್. 6.31ಕ್ಕೆ ವಾಲ್ವ್ ಬಂದ್. ಹಳೇ ಕಂಪನಿಯ ಲಾಗಿನ್. ಬೀರಲಿಂಗೇಶನ ಫೋನಿನಿಂದ.

“ನೋಡಿದ್ರಾ ಸಾರ್? ಕೆಲಸ ಹೋದ ಸಿಟ್ಟು” ಅಂದರು ಶಿವಯೋಗಿ.

ಹಳೇ ಕಂಪನಿಯ ಲಾಗಿನ್. ರದ್ದಾಗಿದೆ ಎಂದು ನಾನು ದೃಢೀಕರಿಸಿದ ಲಾಗಿನ್. ಸಾಹೇಬರು ನನ್ನನ್ನು ನೋಡಿದರು. ನಾನು ಪರದೆ ನೋಡಿದೆ.

ಮಧ್ಯಾಹ್ನ ಶುದ್ಧೀಕರಣ ಘಟಕದ ಮರುಳಪ್ಪ ಫೋನ್ ಮಾಡಿದ್ದ. ಅಲ್ಲೇ ಕಾಯುವವನು, ವಾಲ್ವ್ ತಿರುಗಿಸುವವನು. “ಮುಂಜಾನಿ ಕಣ್ಣು ಉರಿಯಾಕತ್ತಿದ್ವು ಮೇಡಂ, ತೊಟ್ಟಿ ಹತ್ರ ನಿಲ್ಲಾಕ ಆಗ್ಲಿಲ್ಲ. ಔಷಧಿ ಜಾಸ್ತಿ ಬಿದ್ದಂಗಿತ್ತು.” ಆಯ್ತು ಹೇಳ್ತೀನಿ ಅಂದೆ. ಯಾರಿಗೂ ಹೇಳಿಲ್ಲ. ಆ ಗಲಾಟೆಯಲ್ಲಿ…

ಜೂನ್ 11, ಬುಧವಾರ

ಪೊಲೀಸರು ಅವನನ್ನು ಊರಿನಿಂದ ಕರೆದುಕೊಂಡು ಹೋದರು. ಫೋನು ಕಿತ್ತುಕೊಂಡಿದ್ದಾರೆ. ಅವನು ಹೇಳಿದ್ದು ಇಷ್ಟಂತೆ: ಕ್ಲೋರಿನ್ ಹತ್ತು ಪಟ್ಟು ಏರಿದೆ ಅಂತ ನನ್ನ ಫೋನಿಗೆ ಮೆಸೇಜ್ ಬಂತು. ಸಾಹೇಬರಿಗೆ ಮಾಡಿದೆ, ಸ್ವಿಚ್ ಆಫ್. ಹೊಸ ಕಂಪನಿಗೆ ಮಾಡಿದೆ, ಎತ್ತಲಿಲ್ಲ. ಮೇಡಂಗೆ ಮಾಡಿದೆ, ಎತ್ತಲಿಲ್ಲ. ಆ ನೀರು ಊರು ಮುಟ್ಟಬಾರದು ಅಂತ ನಾನೇ ಬಂದ್ ಮಾಡಿದೆ.

ಶಿವಯೋಗಿ ಪರದೆ ತೋರಿಸಿದರು. “ಎಲ್ಲೈತ್ರಿ ಹತ್ತು ಪಟ್ಟು? ಎಷ್ಟಿರಬೇಕೋ ಅಷ್ಟೇ ಐತಿ.”

ಈಗ ಇದೆ. ನಿನ್ನೆ ಯಂತ್ರ ಬಂದ್ ಮಾಡಿ ಚಾಲೂ ಮಾಡುವ ಮುಂಚೆ ಎಷ್ಟಿತ್ತು? ಯಾರೂ ಕೇಳಲಿಲ್ಲ. ನಾನು ಕೇಳಬಹುದಿತ್ತು. ನನ್ನ ಪ್ರಶ್ನೆ ಸರಿಯೋ ತಪ್ಪೋ ನನಗೇ ಖಾತ್ರಿ ಇರಲಿಲ್ಲ.

ಮಿಸ್ಡ್ ಕಾಲ್ ಬಗ್ಗೆ ಸಾಹೇಬರಿಗೆ ಹೇಳಿದೆ. “ಹೆದರಿಸಾಕ ಮಾಡಿರಬೇಕು. ಕೆಲಸ ಕೊಡ್ರಿ ಇಲ್ಲಂದ್ರ ನೀರು ನಿಲ್ಲಿಸ್ತೀನಿ ಅಂತ.”

ಇರಬಹುದು. ಇರಲಿಕ್ಕಿಲ್ಲ. ಆರು ವರ್ಷದಲ್ಲಿ ಅವನು ಯಾರಿಗೂ ಏರಿದ ದನಿಯಲ್ಲಿ ಮಾತಾಡಿದ್ದು ನೆನಪಿಲ್ಲ. ಆದರೆ ಮನುಷ್ಯರ ಒಳಗು ಯಾರಿಗೆ ಗೊತ್ತು?

ಜೂನ್ 12, ಗುರುವಾರ

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ನಮ್ಮ ಯಜಮಾನರು ಕೊಟ್ರಸ್ವಾಮಿಯವರು ಕೇಳಿಸಿಕೊಂಡರು, ಕೈ ತೊಳೆದರು, ಬಂದು ಎದುರಿಗೆ ಕೂತರು.

“ಆ ಪತ್ರದಾಗ ಪರಿಶೀಲಿಸಿ ಅಂತ ಬರದೈತಿ?”

“ಹೂಂ.”

“ನೀ ಪರಿಶೀಲಿಸಿದ್ಯಾ?”

“ಹೆಂಗ ಪರಿಶೀಲಿಸಬೇಕು ಅಂತನೇ ನನಗ ಗೊತ್ತಿರಲಿಲ್ರಿ.”

“ಹಂಗಾರ ಸುಮ್ಮನಿರು. ಅವನ ಪರ ಮಾತಾಡಿದ್ರ ಮೊದ್ಲು ಕೇಳೋದು ಅದನ್ನ. ಅವನಂತೂ ಹೊರಗಿನವ. ನಿನ್ನ ನೌಕರಿ ಐತಿ.”

ಹೊರಗಿನವ.

ಜೂನ್ 16, ಸೋಮವಾರ

ಮೂರು ದಿನ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಅದೇ.

ಕೊಳವೆಗಳು ತುಂಬಿ ನೀರು ಹದಿಮೂರಕ್ಕೆ ಬಂತು. ಜನ ಶಾಂತ. ಬೀರಲಿಂಗೇಶನನ್ನು ಬಿಟ್ಟಿದ್ದಾರೆ, ಆದರೆ ದಿನಾ ಬೆಳಿಗ್ಗೆ ಠಾಣೆಗೆ ಹೋಗಿ ಸಂಜೆಯ ತನಕ ಕೂರಬೇಕು. ಅವನ ಹೆಸರು, ಫೋಟೊ ಹಳ್ಳಿಹಳ್ಳಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ, ನೀರು ನಿಲ್ಲಿಸಿದವನು ಅಂತ. ನನಗೂ ಮೂರು ಕಡೆಯಿಂದ ಬಂತು. ಅಳಿಸಿದೆ.

ಜೂನ್ 17, ಮಂಗಳವಾರ

ತಪಾಸಣೆ ಸಂಸ್ಥೆಯವರು ಬಂದರು. ಒಬ್ಬರೇ, ಹೆಣ್ಣುಮಗಳು. ರಮಾ ಅಂತ, ಬೆಂಗಳೂರು. ಗದರುವವರಲ್ಲ. ಅದೇ ಕಷ್ಟ. ಪ್ರಮಾಣಪತ್ರ ಮುಂದಿಟ್ಟುಕೊಂಡು ಕೇಳಿದರು.

“ಸಹಿ ಮಾಡೋಕ್ಕೆ ಮುಂಚೆ ನೀವು ಏನೇನು ನೋಡಿದ್ರಿ ಮೇಡಂ?”

“ಪಟ್ಟಿ ನೋಡಿದೆ.”

ಹೇಗೆ ಬಂತು ಆ ಮಾತು ಬಾಯಿಗೆ? ಯಾವ ಪಟ್ಟಿಯೂ ಇರಲಿಲ್ಲ.

“ಒಳ್ಳೇದಾಯ್ತು. ಆ ಪಟ್ಟಿ ಕೊಡ್ತೀರಾ?”

ನಾಡಿದ್ದು ಕೊಡುತ್ತೇನೆ ಅಂದೆ.

ಶಿವಯೋಗಿ ವರಾಂಡದಲ್ಲಿ ಕಾಯುತ್ತಿದ್ದರು. ಮೆತ್ತಗೆ ಹೇಳಿದರು. “ಚಿಂತಿ ಮಾಡಬ್ಯಾಡ್ರಿ. ಪಟ್ಟಿ ನಾ ಮಾಡಿ ಕೊಡ್ತೀನಿ. ಮಾರ್ಚ್ ಇಪ್ಪತ್ತೊಂಬತ್ತರ ತಾರೀಖು ಹಾಕಿ. ನೀವು ಒಂದು ಸಹಿ ಮಾಡ್ರಿ, ನಿಮಗೂ ತೊಂದ್ರಿ ಇಲ್ಲ, ನಮಗೂ ಇಲ್ಲ. ಆ ಲಾಗಿನ್ ಅವನೇ ಕದ್ದು ಮತ್ತ ಮಾಡಿಕೊಂಡಾನ ಅಂತ ಆಗ್ತದ.”

ಸರಿ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ತಲೆ ಅಲ್ಲಾಡಿಸಿದೆ. ಯಾವ ಕಡೆಗೆ ಅಲ್ಲಾಡಿಸಿದೆನೋ ನನಗೇ ತಿಳಿಯಲಿಲ್ಲ. ಅವರು ಹೂಂ ಅಂತಲೇ ತಿಳಿದುಕೊಂಡರು.

ಜೂನ್ 18, ಬುಧವಾರ

ಪಟ್ಟಿ ಬಂತು. ಟೇಬಲ್ ಮೇಲೆ ಇದೆ. ನಮ್ಮಲ್ಲಿ ಇದ್ದದ್ದು ಒಂದು, ಇದರಲ್ಲಿ ಹದಿನೇಳು ಲಾಗಿನ್, ಪ್ರತಿಯೊಂದರ ಮುಂದೆ ‘ರದ್ದು’. ನೋಡಲು ಎಷ್ಟು ಚಂದ ಇದೆ!

ಮಧ್ಯಾಹ್ನ ಇದ್ದಕ್ಕಿದ್ದಂತೆ ಹಡಗಲಿ ಬಸ್ ಹತ್ತಿದೆ. ಅಲ್ಲಿಂದ ಆಟೋದಲ್ಲಿ ಶುದ್ಧೀಕರಣ ಘಟಕ. ಮರುಳಪ್ಪ ತೊಟ್ಟಿಯ ಕಟ್ಟೆ ಗುಡಿಸುತ್ತಿದ್ದ. ಕುರ್ಚಿ ತಂದಿಟ್ಟ.

“ಮರುಳಪ್ಪ, ಅವತ್ತು ಕಣ್ಣು ಉರೀತು ಅಂದ್ಯಲ್ಲ. ಎಷ್ಟು ಹೊತ್ತಿಗೆ?”

“ಆರೂಕಾಲಿಗೆ ಶುರು ಆತ್ರಿ. ಬುಕ್ಕಿನ್ಯಾಗ ಬರದೀನಲ್ಲ.”

ತಂದು ತೋರಿಸಿದ. ಪೆನ್ಸಿಲ್ ಅಕ್ಷರ. ‘10-6. ಮುಂಜಾನೆ 6.15. ವಾಸನಿ ಬಾಳ. ಕಣ್ಣು ಉರಿ. 6.30ಕ್ಕೆ ಪಂಪ್ ತಾನ ನಿಂತತಿ. ತೊಟ್ಟಿ ನೀರು ಹೊರಗ ಬಿಟ್ಟೆ.’

ಆರೂಕಾಲು. ಬೀರಲಿಂಗೇಶ ಒಳಗೆ ಬಂದದ್ದು ಆರು ಇಪ್ಪತ್ತೊಂಬತ್ತಕ್ಕೆ. ಕ್ಲೋರಿನ್ ಅವನಿಗಿಂತ ಮುಂಚೆಯೇ ಏರಿತ್ತು.

“ಇದನ್ನ ಯಾರಿಗೂ ತೋರಿಸ್ಲಿಲ್ಲೇನು?”

“ಕಂಪನಿ ಸಾಹೇಬ್ರಿಗೆ ತೋರಿಸಿದೆ. ಈಗೆಲ್ಲ ಕಂಪ್ಯೂಟರ್ ಬರಕೊಂತೈತಿ, ಈ ಬುಕ್ಕ ಲೆಕ್ಕಕ್ಕಿಲ್ಲ ಅಂದ್ರು. ನಿಮಗೂ ಹೇಳಿದ್ನಲ್ರಿ ಮೇಡಂ.”

ಹೇಳಿದ್ದ. ಎಂಟು ದಿನದ ಹಿಂದೆ. ಆ ತೊಟ್ಟಿಯ ನೀರು ಹೋಗಿದ್ದರೆ ಬೆಳಿಗ್ಗೆ ಏಳಕ್ಕೆ ಯಾವ ಯಾವ ಊರಲ್ಲಿ ಯಾರ್ಯಾರು ಕೊಡ ಹಿಡಿದು ನಿಂತಿರುತ್ತಿದ್ದರು ಅಂತ ಲೆಕ್ಕ ಹಾಕಲು ಹೋದೆ. ಬಿಟ್ಟೆ.

ಪುಸ್ತಕ ತಂದಿದ್ದೇನೆ. ಪಟ್ಟಿಯೂ ಚೀಲದಲ್ಲೇ ಇದೆ. ನಾಳೆ ಒಂದನ್ನು ಕೊಡಬೇಕು.

ಜೂನ್ 19, ಗುರುವಾರ

ಹನ್ನೊಂದಕ್ಕೆ ರಮಾ ಅವರ ಎದುರು ಕೂತೆ. ಸಾಹೇಬರೂ ಇದ್ದರು, ಶಿವಯೋಗಿಯೂ.

“ಪಟ್ಟಿ ತಂದ್ರಾ ಮೇಡಂ?”

“ತಂದೀನ್ರಿ. ಆದ್ರ ಇದು ನಿನ್ನೆ ಮಾಡಿದ್ದು. ಮಾರ್ಚಿನಾಗ ಪಟ್ಟಿ ಇರಲಿಲ್ಲ. ನಾ ಏನೂ ನೋಡ್ಲಿಲ್ಲ. ಆಗೈತಿ ಅಂದ್ರು, ಸಹಿ ಮಾಡಿದೆ.”

ಮರುಳಪ್ಪನ ಪುಸ್ತಕ ಮುಂದಿಟ್ಟೆ. ನನ್ನ ಫೋನು ತೆರೆದು ಮಿಸ್ಡ್ ಕಾಲ್ ತೋರಿಸಿದೆ, 6.24, 6.26. ಅವೆರಡೂ ಬಂದಾಗ ವಾಲ್ವ್ ಇನ್ನೂ ತೆರೆದೇ ಇತ್ತು. ಅಷ್ಟು ಹೇಳಿದೆ.

ಶಿವಯೋಗಿ, “ಮೇಡಂ ಗಾಬರಿ ಆಗ್ಯಾರ್ರಿ, ಏನೇನೋ…” ಅಂದರು.

ರಮಾ ಶಿವಯೋಗಿಯತ್ತ ತಿರುಗಿದರು. “ಪೊಲೀಸರಿಗೆ ಕೊಟ್ಟ ದಾಖಲೆ ಆರೂ ಇಪ್ಪತ್ತೈದರಿಂದ ಶುರುವಾಗತ್ತೆ. ಅದಕ್ಕಿಂತ ಮುಂಚಿನದು ಎಲ್ಲಿ?”

ಶಿವಯೋಗಿ ತಮ್ಮ ಎರಡೂ ಫೋನುಗಳನ್ನು ಟೇಬಲ್ ಮೇಲೆ ಮಗುಚಿ ಇಟ್ಟರು.

ಜೂನ್ 20, ಶುಕ್ರವಾರ

ಪೂರ್ತಿ ದಾಖಲೆ ಬಂತು. 6.04ಕ್ಕೆ ಇನ್ನೊಂದು ಲಾಗಿನ್. ಅದೇ ಹೆಸರು, ಅದೇ ಪಾಸ್‌ವರ್ಡ್. ಆದರೆ ಬೀರಲಿಂಗೇಶನ ಫೋನ್ ಅಲ್ಲ. ಈ ದೇಶದ್ದೂ ಅಲ್ಲವಂತೆ. ಹಳೇ ಕಂಪನಿ ದೂರದಿಂದ ರಿಪೇರಿ ಮಾಡಲು ಇಟ್ಟುಕೊಂಡಿದ್ದ ದಾರಿ ಹಾಗೇ ತೆರೆದಿತ್ತು. ಅವರ ಕಂಪ್ಯೂಟರಿನಿಂದ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಿದ್ದರಂತೆ. ಒಳಗೆ ಬಂದು ಕ್ಲೋರಿನ್ ಏರಿಸಿ ಹೋಗಿದ್ದಾರೆ.

“ಯಾರು ಅವ್ರು?” ರಮಾ ಅವರನ್ನು ಕೇಳಿದೆ.

“ಗೊತ್ತಿಲ್ಲ. ಬಹುಶಃ ಗೊತ್ತಾಗೋದೂ ಇಲ್ಲ.”

“ನಮ್ಮ ಊರಿನ ನೀರು ಅವರಿಗ್ಯಾಕ್ರಿ?”

“ಇದು ಯಾವ ಊರು ಅಂತ ಕೂಡ ಅವ್ರಿಗೆ ಗೊತ್ತಿರೋದಿಲ್ಲ ಮೇಡಂ. ಬಾಗಿಲು ತೆಗೆದಿತ್ತು, ಬಂದ್ರು.”

ಇದನ್ನು ಇವತ್ತು ಎಷ್ಟು ಸಲ ಯೋಚಿಸಿದರೂ ತಲೆಗೆ ಹೋಗುತ್ತಿಲ್ಲ. ದ್ವೇಷ ಇಲ್ಲ, ಕಾರಣ ಇಲ್ಲ, ಮುಖ ಇಲ್ಲ. ಬಾಗಿಲು ತೆಗೆದಿತ್ತು. ಮುಚ್ಚಿದೆ ಅಂತ ಬರೆದುಕೊಟ್ಟವಳು ನಾನು.

ಸಂಜೆ ನೋಟಿಸು ಬಂತು. ಕರ್ತವ್ಯಲೋಪ. ಹದಿನೈದು ದಿನದಲ್ಲಿ ಉತ್ತರ. ಮನೆಯಲ್ಲಿ ಇವರು ಓದಿ, ಮಡಚಿ, ದೇವರ ಜಗುಲಿಯ ಪಕ್ಕ ಇಟ್ಟರು. “ಆತು ಬಿಡು, ಉಣ್ಣು” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 22, ಭಾನುವಾರ

ಬೀರಲಿಂಗೇಶನ ಊರಿಗೆ ಹೋದೆ. ಉಚ್ಚಂಗಿದುರ್ಗದಿಂದ ಆಚೆ ಮೂರು ಮೈಲಿ. ನಿನ್ನೆ ಪೊಲೀಸರು ಅವನ ಫೋನು ವಾಪಸ್ ಕೊಟ್ಟು, ಇನ್ನು ಠಾಣೆಗೆ ಬರಬೇಡ ಅಂದರಂತೆ.

ಅವನು ಕುರಿ ಹೊಡೆದುಕೊಂಡು ಹೋಗಿದ್ದ. ಹೆಂಡತಿ ಮಂಜಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಯಾರು ಅಂತ ಹೇಳಿದೆ. ಮೊರ ಕೆಳಗಿಡಲಿಲ್ಲ.

“ನೀವೇ ಏನು ಅಕ್ಕಾರು? ದಿನಾ ನಿಮ್ಮ ಹೆಸರೇ ಹೇಳೋನು. ಅಕ್ಕಾರಿಗೆ ಗೊತ್ತೈತೆ, ಅಕ್ಕಾರು ಹೇಳ್ತಾರೆ ಅಂತ.”

“ಹೇಳಿದೆನಮ್ಮ. ಮೊನ್ನೆ…”

“ಒಂಬತ್ತು ದಿನ ಬೇಕಾತೇನ್ರಿ? ನಲ್ಲಿ ಹತ್ರ ನನ್ನ ಕೊಡ ಸರಿಸಿ ಇಡೋರು. ನಮ್ಮ ನೀರು ನಿಲ್ಸಿದೋನ ಹೆಂಡ್ತಿಗೆ ನೀರು ಯಾಕೆ ಅಂತ. ಹೊಲದ ಬಾವಿಯಿಂದ ಹೊತ್ತೆ, ಒಂಬತ್ತು ದಿನ.”

ತಪ್ಪಾಯಿತು ಅಂದೆ. ಅವಳು ಕೇರುವುದನ್ನು ನಿಲ್ಲಿಸಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ಕಂಬಳಿ ತಂದು ಹಾಸಿದಳು.

ಬೀರಲಿಂಗೇಶ ಮಧ್ಯಾಹ್ನ ಬಂದ. ಸೊರಗಿದ್ದ. “ಅಕ್ಕಾರೇ, ಇಷ್ಟು ದೂರ ಬಂದ್ರಾ!” ಎಂದ, ಏನೂ ಆಗಿಲ್ಲದವನ ಹಾಗೆ. ಹೊಸ ಕಂಪನಿಯವರು ವಾಪಸ್ ಕರೆಯುತ್ತಿದ್ದಾರಂತೆ. ಹೋಗುವುದಿಲ್ಲವಂತೆ. ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಮಾತಾಡಿ ಬಂದಿದ್ದಾನೆ.

“ಆ ದಿನ ನಿನಗೆ ಹೆದರಿಕಿ ಆಗ್ಲಿಲ್ಲೇನೋ? ಕೆಲಸದಾಗಿಲ್ಲ, ಹಕ್ಕಿಲ್ಲ…”

“ಆತು. ಪಾಸ್‌ವರ್ಡ್ ಹೊಡೆವಾಗ ಅಂದ್ಕೊಂಡೆ – ತೆಗಿಬಾರ್ದಪ್ಪ ಇದು, ಬದಲಾಗಿರಬೇಕು. ತೆಗೀತು. ಇನ್ನೂ ಹೆದರಿಕೆ ಆತು.”

ಊಟ ಮಾಡಿಸಿ ಕಳಿಸಿದರು. ಬಡಿಸಿದ್ದು ಮಂಜಮ್ಮನೇ.

ಜೂನ್ 27, ಶುಕ್ರವಾರ

ನೋಟಿಸಿಗೆ ಉತ್ತರ ಬರೆದೆ. ನಾಲ್ಕು ಸಲ ಹರಿದೆ. ಕೊನೆಗೆ ಮೂರೇ ಸಾಲು. ನೋಡದೆ ಸಹಿ ಮಾಡಿದ್ದು ನಿಜ. ಹೇಗೆ ನೋಡಬೇಕೆಂದು ತಿಳಿದಿರಲಿಲ್ಲ, ಕೇಳಲಿಲ್ಲ. ಈಗ ಕಲಿಯುತ್ತಿದ್ದೇನೆ.

ಏನು ಮಾಡುತ್ತಾರೋ. ನೋಡಲ್ ಹುದ್ದೆಯಿಂದ ಮಾತ್ರ ತೆಗೆದಿಲ್ಲ. ಮರೆತಿರಬೇಕು, ಅಥವಾ ಬೇರೆ ಯಾರೂ ಒಪ್ಪಿರಲಿಕ್ಕಿಲ್ಲ.

ಜೂನ್ 30, ಸೋಮವಾರ

ಇಡೀ ದಿನ ಪರದೆಯ ಮುಂದೆ. ಫೋನಿನಲ್ಲಿ ರಮಾ. ಈಗ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್. ಹಳೇದನ್ನು ನಾನೇ ಅಳಿಸಿದೆ. ಆಮೇಲೆ ನಾನೇ ಅದರ ಪಾಸ್‌ವರ್ಡ್ ಹೊಡೆದು ನೋಡಿದೆ. ತೆರೆಯಲಿಲ್ಲ. ಮತ್ತೆ ಹೊಡೆದೆ. ತೆರೆಯಲಿಲ್ಲ. ಮೂರನೇ ಸಲ ಯಾಕೆ ಹೊಡೆದೆನೋ.

ಕೊನೆಗೆ ಉಳಿದದ್ದು ಅಪಾಯದ ಮೆಸೇಜ್ ಹೋಗುವ ನಂಬರ್. ಇನ್ನೂ ಬೀರಲಿಂಗೇಶನದೇ ಇದೆ.

“ಅದನ್ನೂ ತೆಗೀಬೇಕು ಮೇಡಂ” ಅಂದರು ರಮಾ.

ತೆಗೆಯಬೇಕು. ಅವನು ಹೊರಗಿನವನು, ನಿಯಮ ಸರಿ ಇದೆ. ಆದರೆ ಮಾರ್ಚಿನಲ್ಲೇ ಅದನ್ನು ತೆಗೆದಿದ್ದರೆ ಅವತ್ತು ಯಾರಿಗೆ ತಿಳಿಯುತ್ತಿತ್ತು? ಸರಿಯಾಗಿ ಕೆಲಸ ಮಾಡಿದ್ದರೆ ಬಾಗಿಲೂ ಮುಚ್ಚಿರುತ್ತಿತ್ತು… ಎರಡನ್ನೂ ಒಟ್ಟಿಗೆ ಯೋಚಿಸಲು ಹೋದರೆ ತಲೆ ತಿರುಗುತ್ತದೆ. ಅವನಿಗೇ ಫೋನ್ ಮಾಡಿ ಕೇಳಿದೆ.

“ತೆಗೀರಿ ಅಕ್ಕಾರೇ. ಅದು ಟಿಣ್ ಅಂದ್ರೆ ಈಗ ನಮ್ಮಾಕಿ ಎದ್ದು ಕೂರ್ತಾಳೆ.” ಆಮೇಲೆ ಅವನೇ ಕೇಳಿದ. “ಯಾರದು ಹಾಕ್ತೀರಿ?”

ಹೊಸ ಕಂಪನಿ ಒಂದು ನಂಬರ್ ಕೊಟ್ಟಿದೆ. ನಲವತ್ತು ಕಚೇರಿಗೆ ಒಂದೇ ನಂಬರ್. ಮಾಡಿ ನೋಡಿದೆ, ಒಂದು ಒತ್ತಿ, ಎರಡು ಒತ್ತಿ ಅಂದಿತು. ಅದನ್ನು ಹಾಕಿದೆ. ಕೆಳಗೆ ಇನ್ನೊಂದು ಖಾಲಿ ಜಾಗ. ಅಲ್ಲಿ ನನ್ನದು ಹಾಕಿದೆ.

ಐದೂ ಇಪ್ಪತ್ತು. ಬಸ್ಸು ಹೋಯಿತು. ಚೀಲ ಎತ್ತಿಕೊಳ್ಳುವಾಗ ಫೋನು ಟಿಣ್ ಅಂತು. ನನಗೆ ಬಂದ ಮೊದಲ ಅಪಾಯದ ಮೆಸೇಜ್. ಇಂಗ್ಲಿಷಿನಲ್ಲಿದೆ. ಹೊಳಲಿನ ಟ್ಯಾಂಕು, ಮಟ್ಟ ಇಳಿಯುತ್ತಿದೆ ಅಂತಲೋ, ಇಳಿದಿದೆ ಅಂತಲೋ. ಏನೂ ಇರಲಿಕ್ಕಿಲ್ಲ. ಮರುಳಪ್ಪನಿಗೆ ಫೋನ್ ಹಚ್ಚಿದ್ದೇನೆ, ರಿಂಗ್ ಆಗುತ್ತಿದೆ. ಎತ್ತಿದ –